ಅಳಿಯಂದಿರು ಫಾರ್ಮ್ಯಾಟ್ ಮಾಡಿದ ಮೇಲೆ

ನಮ್ಮ ಮನೆಯಲ್ಲಿ ಅಳಿಯಂದಿರು ಯಾವ ವಸ್ತುವನ್ನೂ ಕೆಡಿಸುವುದಿಲ್ಲ. ಅವರು ಮುಟ್ಟಿದ ಮೇಲೆ ಅದು ತಾನಾಗಿಯೇ ಕೆಡುತ್ತದೆ. ಮಿಕ್ಸಿ ಹಾಗೆ ಕೆಟ್ಟಿತು. ಬಚ್ಚಲುಮನೆಯ ನಲ್ಲಿ ಹಾಗೆ ಕೆಟ್ಟಿತು. ಗೋಡೆ ಗಡಿಯಾರವಂತೂ ಅವರು ಸ್ವಲ್ಪ ನೇರ ಮಾಡಲು ಹೋದಾಗ ಕೆಳಗೆ ಬಿದ್ದು ಪ್ರಾಣ ಬಿಟ್ಟಿತು. ಪ್ರತಿ ಸಲವೂ ನಮ್ಮ ಅತ್ತೆ "ಹಳೇದಾಗಿತ್ತು ಬಿಡಿ" ಎಂದು ಆ ವಸ್ತುವಿನ ಮೇಲೆಯೇ ತಪ್ಪು ಹೊರಿಸಿ, ಅಳಿಯಂದಿರ ಕೈಗೆ ಕಾಫಿ ಲೋಟ ಕೊಡುತ್ತಾರೆ. ಹಾಗಾಗಿ, ಅವರು ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿದ ಮರುದಿನವೇ ಪ್ರಿಂಟರ್ ಕೆಲಸ ನಿಲ್ಲಿಸಿದಾಗ, ತಪ್ಪು ಪ್ರಿಂಟರಿನದೇ ಎಂದು ವಿಚಾರಣೆಗೆ ಮೊದಲೇ ತೀರ್ಪು ಬಂದಿತ್ತು.

ಅಳಿಯಂದಿರು ಎಂದರೆ ನನ್ನ ನಾದಿನಿಯ ಗಂಡ. ನಾನು ಈ ಮನೆಯ ಸೊಸೆ. ನಾನು ಕೆಡಿಸಿದ್ದನ್ನು ನಾನೇ ಕೆಡಿಸಿದ್ದು ಎಂದು ಒಪ್ಪಿಕೊಳ್ಳುವ ಸ್ವಾತಂತ್ರ್ಯ ಈ ಮನೆಯಲ್ಲಿ ನನಗೆ ಧಾರಾಳವಾಗಿ ಇದೆ.

ಅವರು ಟೈಲ್ಸ್ ಕಂಪನಿಯೊಂದರಲ್ಲಿ ಮ್ಯಾನೇಜರ್. ಅವರ ಆಫೀಸಿನಲ್ಲಿ ಕಂಪ್ಯೂಟರ್ ಕೆಟ್ಟರೆ ಮೊದಲು ಇವರನ್ನೇ ಕರೆಯುತ್ತಾರಂತೆ. ಯಾಕೆ ಕರೆಯುತ್ತಾರೆ, ಬಂದ ಮೇಲೆ ಏನಾಗುತ್ತದೆ ಎಂದು ಇವರೂ ಹೇಳಿಲ್ಲ, ನಾವೂ ಕೇಳಿಲ್ಲ. ಹಿಂದಿನ ದಿನ ಮಧ್ಯಾಹ್ನ ಊಟಕ್ಕೆ ಬಂದವರು, ಊಟವಾದ ಮೇಲೆ ಕೈ ಒರೆಸಿಕೊಳ್ಳುತ್ತ ಯಾವುದೋ ಫೋಟೋ ನೋಡಲು ಕಂಪ್ಯೂಟರಿನ ಮುಂದೆ ಕೂತರು. ಫೋಟೋ ತೆರೆದುಕೊಳ್ಳುವುದು ಸ್ವಲ್ಪ ತಡವಾಯಿತು. "ಅತ್ತೆ, ಇದು ತುಂಬಾ ಸ್ಲೋ ಇದೆಯಲ್ಲ, ಒಂದ್ಸಲ ಫಾರ್ಮ್ಯಾಟ್ ಹೊಡೆದುಬಿಟ್ರೆ ಹೊಸದರ ಹಾಗೆ ಓಡುತ್ತೆ" ಎಂದರು. ಫಾರ್ಮ್ಯಾಟ್ ಎಂದರೆ ಒಳಗಿರುವುದನ್ನೆಲ್ಲ ಗುಡಿಸಿ ಹೊರಗೆ ಹಾಕುವುದು ಎಂದು ಅತ್ತೆಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ "ಬೇಡ" ಎನ್ನುತ್ತಿರಲಿಲ್ಲ. ನಾನು ಕೆಲಸದಿಂದ ಬರುವಷ್ಟರಲ್ಲಿ ಕಂಪ್ಯೂಟರ್ ಆಗತಾನೇ ಹುಟ್ಟಿದ ಮಗುವಿನ ಹಾಗೆ ಹಿಂದಿನದೇನೂ ನೆನಪಿಲ್ಲದೆ ನಗುತ್ತಿತ್ತು.

ಅತ್ತೆಯ ನಕ್ಷೆಗಳು ಮಾತ್ರ ಉಳಿದಿದ್ದವು. ಅವನ್ನು ನಾನು ನನ್ನ ಮೇಲ್‌ಗೆ ಕಳಿಸಿಟ್ಟುಕೊಂಡಿದ್ದೆ. ಯಾರನ್ನೂ ಪೂರ್ತಿ ನಂಬಬಾರದು ಎಂಬುದನ್ನು ನಾನು ಕಲಿತದ್ದು ಈ ಮನೆಯಲ್ಲೇ.

ಆ ನಕ್ಷೆಗಳ ವಿಷಯ ಹೇಳಬೇಕು. ಅತ್ತೆ ಸ್ವೆಟರ್ ಹೆಣೆಯುವುದರಲ್ಲಿ ಎತ್ತಿದ ಕೈ. ಬರೀ ಹೆಣೆಯುವುದಲ್ಲ, ಹೊಸ ಹೊಸ ವಿನ್ಯಾಸ ಕಟ್ಟುತ್ತಾರೆ. ಎದೆಯ ಮೇಲೆ ಹಾರುವ ಕೊಕ್ಕರೆಗಳ ಸಾಲು, ತೋಳಿನ ಸುತ್ತ ಎಲೆ, ಬೆನ್ನಿನ ತುಂಬ ಅಲೆ. ಯಾವ ಸಾಲಿನ ಯಾವ ಕುಣಿಕೆಗೆ ಯಾವ ಬಣ್ಣದ ದಾರ ಎಂಬುದನ್ನು ಚೌಕದ ಹಾಳೆಯಲ್ಲಿ ಬಣ್ಣ ತುಂಬಿ ತೋರಿಸುತ್ತಾರೆ. ಅದೇ ನಕ್ಷೆ. ವರ್ಷಗಟ್ಟಲೆ ಈ ನಕ್ಷೆಗಳನ್ನು ಕೇಳಿದವರಿಗೆಲ್ಲ ಕೊಟ್ಟರು. ಬೀದಿಯ ತುದಿಯ ಉಲ್ಲನ್ ಅಂಗಡಿಯವನು ಅವನ್ನೇ ನಕಲು ಮಾಡಿ, ಕೆಳಗೆ ತನ್ನ ಅಂಗಡಿಯ ಹೆಸರು ಹಾಕಿ ಮಾರಿದ. ಅತ್ತೆ ಅದನ್ನು ನೋಡಿ "ಪರವಾಗಿಲ್ಲ, ಅಚ್ಚು ಚೆನ್ನಾಗಿ ಬಂದಿದೆ" ಎಂದರು. ಆ ದಿನ ಅವರ ಪರವಾಗಿ ನಾನು ಹಲ್ಲು ಕಡಿದೆ.

ಈ ವರ್ಷ ಕೈಕೆಲಸದ ಪ್ರದರ್ಶನದಲ್ಲಿ ಅತ್ತೆಗೆ ಒಂದು ಮೇಜು ಸಿಕ್ಕಿತ್ತು. ಅವರದೇ ಹೆಸರಿನಲ್ಲಿ, ಅವರೊಬ್ಬರಿಗೇ. ಕೆಲವು ತಿಂಗಳಿಂದ ನಾವಿಬ್ಬರೂ ಕೂತು ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿದ್ದೆವು. ಪ್ರತಿ ಹಾಳೆಯ ಕೆಳಗೆ ಅತ್ತೆಯ ಹೆಸರು ಹಾಕಿದಾಗ, "ಅಷ್ಟು ದಪ್ಪ ಬೇಡ ಕಣೆ, ನೋಡಿದವರು ಏನಂದುಕೊಳ್ತಾರೆ" ಎಂದರು. ನಾನು ಇನ್ನೂ ದಪ್ಪ ಮಾಡಿದೆ. ಅಚ್ಚಾದ ಹಾಳೆಗಳನ್ನು, ಪ್ರಿಂಟರ್ ನಿಂತ ಆ ದಿನವೇ, ಸಂಜೆಯೊಳಗೆ ಮೇಜಿನ ಮೇಲೆ ಜೋಡಿಸಬೇಕು. ಆಮೇಲೆ ಸಭಾಂಗಣಕ್ಕೆ ಬೀಗ. ಬೆಳಿಗ್ಗೆ ಬಾಗಿಲು ತೆರೆಯುವುದು ನೋಡಲು ಬರುವವರಿಗೆ ಮಾತ್ರ. ಖಾಲಿ ಮೇಜಿದ್ದರೆ ಅದನ್ನು ಬೇರೆಯವರಿಗೆ ಕೊಡುತ್ತೇವೆ ಎಂದು ಪ್ರದರ್ಶನದವರು ಮೊದಲೇ ಖಡಾಖಂಡಿತವಾಗಿ ಹೇಳಿದ್ದರು.

ಹೊರಗೆ ಎಲ್ಲಾದರೂ ಅಚ್ಚು ಹಾಕಿಸಬಹುದಿತ್ತಲ್ಲ ಎಂದರೆ, ಆಗುತ್ತಿರಲಿಲ್ಲ. ನಕ್ಷೆ ಅಗಲ. ಸಣ್ಣ ಹಾಳೆಯಲ್ಲಿ ಎರಡು ತುಂಡು ಮಾಡಿದರೆ ಹೆಣೆಯುವವರಿಗೆ ಅಂಟಿಸಿದ ಜಾಗದಲ್ಲಿ ಕುಣಿಕೆಯ ಲೆಕ್ಕ ತಪ್ಪಿ, ಕೊಕ್ಕರೆಗೆ ಕತ್ತು ಇರುವುದಿಲ್ಲ. ನಮ್ಮ ಪ್ರಿಂಟರ್ ಅಗಲ ಹಾಳೆಯದು. ಕಟ್ಟಡಗಳ ಪ್ಲಾನ್ ಬರೆಯುವ ಆಫೀಸೊಂದು ಮುಚ್ಚಿದಾಗ ಅತ್ತೆ ಅದನ್ನು ಕೊಂಡು ತಂದಿದ್ದರು. ಹಾಲ್‌ನ ಅರ್ಧ ಜಾಗ ಅದಕ್ಕೇ. ಪೇಟೆಯಲ್ಲಿ ಅಂಥ ಯಂತ್ರವಿರುವ ಒಂದೇ ಅಂಗಡಿಗೆ ಬೆಳಿಗ್ಗೆಯೇ ಫೋನ್ ಮಾಡಿದೆ. ನಾಡಿದ್ದು ಬನ್ನಿ ಎಂದರು.

ಅಷ್ಟರಲ್ಲಿ ಅತ್ತೆ ಅಳಿಯಂದಿರಿಗೆ ಫೋನ್ ಮಾಡಿದ್ದರು. "ಏನಿಲ್ಲ, ಪ್ರಿಂಟರ್ ಯಾಕೋ ಸ್ವಲ್ಪ ಮುನಿಸಿಕೊಂಡಿದೆ. ನಿಮಗೆ ಬಿಡುವಿದ್ರೆ..." ಎಂದು, ತಪ್ಪು ತಮ್ಮದೇ ಎಂಬ ದನಿಯಲ್ಲಿ. ಬಿಡುವು ಅವರಿಗೆ ಯಾವಾಗಲೂ ಇರುತ್ತದೆ. ಬಂದರು, ತಿಂಡಿ ತಿಂದರು, ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಕೂತರು. ಆ ಕುರ್ಚಿಯಿಂದ ಮಧ್ಯಾಹ್ನದವರೆಗೆ ಏಳಲಿಲ್ಲ.

ಪರದೆಯ ಮೇಲೆ ನಮ್ಮ ಪ್ರಿಂಟರಿನ ಹೆಸರಿತ್ತು. ಸರಿಯಾಗಿ ಹೇಳಬೇಕೆಂದರೆ, ನಮ್ಮ ಪ್ರಿಂಟರಿನ ದಾಯಾದಿಯ ಹೆಸರಿತ್ತು. ಅದೇ ಕಂಪನಿಯದು, ನಂಬರ್ ಮಾತ್ರ ಬೇರೆ. ಫಾರ್ಮ್ಯಾಟ್ ಆದ ಮೇಲೆ ಅಳಿಯಂದಿರು ಪ್ರಿಂಟರಿನ ತಂತ್ರಾಂಶ ಹಾಕುವಾಗ ಪಟ್ಟಿಯಲ್ಲಿ ಕಣ್ಣಿಗೆ ಮೊದಲು ಬಿದ್ದದ್ದನ್ನು ಒತ್ತಿದ್ದರು. ಪ್ರಿಂಟ್ ಎಂದರೆ ಕಂಪ್ಯೂಟರ್ "ಕಳಿಸಿದೆ" ಎನ್ನುತ್ತಿತ್ತು. ಪ್ರಿಂಟರಿಗೆ ಏನೂ ಬರುತ್ತಿರಲಿಲ್ಲ.

"ಅಣ್ಣಾ, ಈ ನಂಬರ್ ನಮ್ಮದಲ್ಲ ಅನ್ಸುತ್ತೆ" ಎಂದೆ.

"ಒಂದೇ ಸೀರೀಸ್ ಅದು. ಎಲ್ಲಾ ಒಂದೇ" ಎಂದರು, ಹಿಂದೆ ತಿರುಗದೆ.

ನಾನು ಬಟ್ಟೆ ಒಗೆಯುವ ಮಷಿನ್ ಕಂಪನಿಯೊಂದರಲ್ಲಿ ಫೋನಿನಲ್ಲಿ ದೂರು ಕೇಳುವವಳು. ಎಲ್ಲಾ ಒಂದೇ ಎನ್ನುವವರ ಜೊತೆ ಹೇಗೆ ಮಾತಾಡಬೇಕು ಎಂದು ನನಗೆ ತರಬೇತಿ ಕೊಟ್ಟಿದ್ದಾರೆ. ಆದರೆ ಅವರು ಮನೆಯ ಅಳಿಯನಾಗಿದ್ದರೆ ಏನು ಮಾಡಬೇಕೆಂದು ಆ ತರಬೇತಿಯಲ್ಲಿ ಹೇಳಿಲ್ಲ.

ಅಳಿಯಂದಿರು ಮೊದಲು ಎಲ್ಲವನ್ನೂ ಆಫ್ ಮಾಡಿ ಆನ್ ಮಾಡಿದರು. ಆಮೇಲೆ ಆನ್ ಮಾಡಿ ಆಫ್ ಮಾಡಿದರು. ಆಮೇಲೆ ಗಂಭೀರವಾಗಿ ಗಲ್ಲ ಕೆರೆದುಕೊಂಡು "ಇಂಕ್ ಒಣಗಿದೆ" ಎಂದರು. ಇಂಕ್ ತರಲು ನನ್ನ ಗಂಡ ಹೊರಟರು. ಭಾವನ ವಿಷಯದಲ್ಲಿ ನನ್ನ ಗಂಡನ ನೀತಿ ಒಂದೇ: ಏನಾದರೂ ತರಲು ಹೇಳಿದರೆ ತಕ್ಷಣ ಕಾಲು ಕೀಳುವುದು. ಮಧ್ಯಾಹ್ನ ಕಳೆದರೂ ಪತ್ತೆಯಿಲ್ಲ. ಇಂಕನ್ನು ಎಲ್ಲೋ ಕಲ್ಲಿನ ಮೇಲೆ ಅರೆಸಿಕೊಂಡು ಬರುತ್ತಿದ್ದರೇನೋ.

ಕೊನೆಗೆ ನಾನೇ ರಿಪೇರಿಯವನನ್ನು ಕರೆಸಿದೆ. ಅದಕ್ಕೂ ಅತ್ತೆಯನ್ನು ಒಪ್ಪಿಸಬೇಕಾಯಿತು. "ಅವರು ಕೂತಿರೋವಾಗ ಬೇರೆಯವರನ್ನ ಕರೆದ್ರೆ ಬೇಜಾರು ಮಾಡ್ಕೊಳ್ತಾರೆ" ಎಂದು ಕಣ್ಣಲ್ಲೇ ಬೇಡಿಕೊಂಡರು. "ಅವರ ಕೈಕೆಳಗೆ ಸಹಾಯಕ್ಕೆ ಅಂತ ಹೇಳೋಣ" ಎಂದೆ. ಆ ಸುಳ್ಳು ಅತ್ತೆಗೆ ಹಿಡಿಸಿತು.

ರಿಪೇರಿಯವನು ಬಾಯಿಬಡುಕ. ಭುಜದ ಚೀಲ ಇಳಿಸುವ ಮೊದಲೇ, ಊರಿನ ಅರ್ಧ ಪ್ರಿಂಟರುಗಳು ತನ್ನಿಂದಲೇ ಉಸಿರಾಡುತ್ತಿವೆ ಎಂದು ತಿಳಿಸಿದ. ಆಮೇಲೆ, ನಾನು ಇಡೀ ದಿನ ಫೋನಿನಲ್ಲಿ ಕೇಳುವ ಪ್ರಶ್ನೆಯನ್ನೇ ಕೇಳಿದ.

"ಮೊದಲು ಕೆಲಸ ಮಾಡ್ತಿತ್ತಾ? ಮಧ್ಯದಲ್ಲಿ ಏನಾದ್ರೂ ಬದಲಾಯಿಸಿದ್ರಾ?"

ಅಳಿಯಂದಿರು ಪರದೆಯನ್ನೇ ನೋಡುತ್ತಿದ್ದರು, ಪ್ರಶ್ನೆ ಪಕ್ಕದ ಮನೆಯವರಿಗೆ ಕೇಳಿದ್ದು ಎಂಬಂತೆ. ನಾನು ಬಾಯಿ ತೆರೆದೆ. ಅತ್ತೆ ನನ್ನ ಮೊಣಕೈ ಹತ್ತಿರ ಚಿವುಟಿದರು. ಹೆಣಿಗೆಯವರ ಬೆರಳು, ಸಾಮಾನ್ಯದ್ದಲ್ಲ.

"ಏನೂ ಇಲ್ಲಪ್ಪ" ಎಂದರು ಅತ್ತೆ. "ಯಾರೂ ಏನೂ ಮಾಡಿಲ್ಲ. ತಾನಾಗೇ ನಿಂತುಹೋಯ್ತು."

ತಾನಾಗೇ ನಿಂತುಹೋಯ್ತು. ಈ ಮಾತನ್ನು ಕೇಳಿ ಕೇಳಿ ನನ್ನ ಕಿವಿ ಸವೆದಿದೆ. ಮಷಿನ್ನಿಗೆ ಸೋಪಿನ ಪುಡಿಯ ಬದಲು ಸುಣ್ಣದ ಪುಡಿ ಸುರಿದವರೂ ಇದನ್ನೇ ಹೇಳುತ್ತಾರೆ. ಆದರೆ ಅವರಿಗೆ ಫೋನಿನ ಆ ಕಡೆ ಗ್ಯಾರಂಟಿಯ ಆಸೆ ಇರುತ್ತದೆ. ನಮ್ಮತ್ತೆಗೆ ಏನು ಆಸೆ?

ಯಾರೂ ಏನೂ ಮಾಡಿಲ್ಲ ಎಂದ ಮೇಲೆ ರಿಪೇರಿಯವನು ಪಾಪ ಪ್ರಿಂಟರಿನ ಮೇಲೆ ಬಿದ್ದ. ಮುಚ್ಚಳ ಬಿಚ್ಚಿದ. ಉರುಳೆಗಳನ್ನು ಒರೆಸಿದ. ಒಳಗಿನಿಂದ ಒಂದು ಉಲ್ಲನ್ ಎಳೆ ಎಳೆದು ತೆಗೆದು, ಕಾಯಿಲೆ ಸಿಕ್ಕಿತು ಎಂದು ಸಂಭ್ರಮಪಟ್ಟ. ಸಿಕ್ಕಿರಲಿಲ್ಲ. ಪ್ರಿಂಟರಿನ ಮೈಮೇಲಿನ ಗುಂಡಿ ಒತ್ತಿ ಹಿಡಿದ. ಅದು ತನ್ನಷ್ಟಕ್ಕೆ ತಾನು ಬಣ್ಣಬಣ್ಣದ ಪಟ್ಟಿಗಳ ಹಾಳೆಯೊಂದನ್ನು ಠೀವಿಯಿಂದ ಹೊರಗೆ ಹಾಕಿತು.

"ನೋಡಿ, ಇದಕ್ಕೇನೂ ಆಗಿಲ್ಲ. ಇಂಕೂ ಇದೆ" ಎಂದ.

ಅಳಿಯಂದಿರು "ಹಾಗಾದ್ರೆ ಕೇಬಲ್" ಎಂದರು. ಹೊಸ ಕೇಬಲ್ ಹಾಕಿದ್ದಾಯಿತು. "ಹಾಗಾದ್ರೆ ಕೇಬಲ್ ಚುಚ್ಚೋ ತೂತು." ಪಕ್ಕದ ತೂತಿಗೆ ಚುಚ್ಚಿದ್ದಾಯಿತು. "ಕರೆಂಟ್ ಏರುಪೇರು." ಬೇರೆ ಪ್ಲಗ್ಗಿಗೆ ಹಾಕಿದ್ದಾಯಿತು. ಆ ಹಾಲ್‌ನಲ್ಲಿ ಎಲ್ಲದರ ಮೇಲೂ ಅನುಮಾನ ಬಂತು, ಕಂಪ್ಯೂಟರೊಂದನ್ನು ಬಿಟ್ಟು. ರಿಪೇರಿಯವನು ಸುತ್ತಿ ಸುತ್ತಿ ಕುರ್ಚಿಯ ಹತ್ತಿರ ಬಂದು ನಿಂತ.

"ಸಾರ್, ಸ್ವಲ್ಪ ಕಂಪ್ಯೂಟರ್ ನೋಡ್ತೀನಿ."

"ಅದು ಸರಿ ಇದೆ. ಎಲ್ಲಾ ನಾನೇ ನೋಡಿದ್ದೀನಿ" ಎಂದು ಅಳಿಯಂದಿರು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು.

ನಾನು ಅಡುಗೆಮನೆಗೆ ಹೋದೆ. ಕಾಫಿ ಮಾಡುತ್ತಿದ್ದ ಅತ್ತೆಯ ಪಕ್ಕದಲ್ಲಿ ನಿಂತು, ದನಿ ತಗ್ಗಿಸಿ, ಆದರೆ ಸಿಟ್ಟು ತಗ್ಗಿಸದೆ ಕೇಳಿದೆ: "ಅತ್ತೆ, ಒಂದು ಮಾತು ಹೇಳಿಬಿಟ್ರೆ ಮುಗಿದುಹೋಗುತ್ತೆ. ಫಾರ್ಮ್ಯಾಟ್ ಮಾಡಿದ್ದಾರೆ ಅಂತ. ಅವನು ಚಿಟಿಕೆ ಹೊಡೆಯೋದ್ರೊಳಗೆ ಸರಿ ಮಾಡ್ತಾನೆ. ಅಳಿಯನ್ನ ತಲೆ ಮೇಲೆ ಕೂರಿಸಿಕೊಂಡಿದ್ದು ಸಾಕಲ್ವಾ? ನಿಮ್ಮ ಮೇಜು ಹೋಗುತ್ತೆ."

ಅತ್ತೆ ಹಾಲಿನ ಪಾತ್ರೆಯಿಂದ ಕಣ್ಣು ತೆಗೆಯಲಿಲ್ಲ.

"ನಾನು ಇಲ್ಲಿ ಒಂದು ಮಾತಾಡಿದ್ರೆ, ನನ್ನ ಮಗಳು ಅಲ್ಲಿ ವಾರಗಟ್ಟಲೆ ಅನುಭವಿಸಬೇಕು ಕಣೆ" ಎಂದರು. "ನಿನ್ನ ಗಂಡ ಒಂದ್ಸಲ ಭಾವನಿಗೆ ಕಾರು ಸರಿಯಾಗಿ ನಿಲ್ಲಿಸೋಕೆ ಬರಲ್ಲ ಅಂತ ತಮಾಷೆ ಮಾಡಿದ್ನಲ್ಲ, ಆಮೇಲೆ ಎಷ್ಟು ದಿನ ಅವಳು ಈ ಕಡೆ ಬರಲಿಲ್ಲ, ನೆನಪಿದೆಯಾ? ಕೆಲಸ ಜಾಸ್ತಿ ಅಂತ ಫೋನಲ್ಲಿ ಹೇಳ್ತಿದ್ಲು. ಅವಳು ಹೇಳ್ದಿದ್ರೂ ನನಗೆ ಗೊತ್ತಾಗುತ್ತೆ. ಹೊಡೆಯಲ್ಲ, ಬಡಿಯಲ್ಲ. ಮಾತು ಬಿಡ್ತಾರೆ ಅಷ್ಟೆ. ಮನೆಯೆಲ್ಲ ಮುಖ ಊದಿಸಿಕೊಂಡು ಓಡಾಡ್ತಾರೆ. ಇವಳು ಹಿಂದೆ ಹಿಂದೆ ಓಡಾಡ್ಬೇಕು. ಒಂದು ಮೇಜಿಗೋಸ್ಕರ ಅವಳಿಗೆ ಯಾಕೆ ಆ ಗೋಳು?"

ಇಷ್ಟು ವರ್ಷ ನಾನು ಅದನ್ನು ಅಳಿಯನ ಮೇಲಿನ ಹುಚ್ಚು ಮೋಹ ಅಂದುಕೊಂಡು ಒಳಗೊಳಗೇ ನಕ್ಕಿದ್ದೆ. ಮಿಕ್ಸಿಗೆ, ನಲ್ಲಿಗೆ, ಗಡಿಯಾರಕ್ಕೆ "ಹಳೇದಾಗಿತ್ತು ಬಿಡಿ" ಎಂದದ್ದು ಗೌರವವಲ್ಲ, ಹೆದರಿಕೆ. ತುಂಬಾ ಸಂಕಟವಾಯಿತು. ಅಳಿಯಂದಿರ ಮೇಲೆ ಮೊದಲೇ ಇದ್ದ ಸಿಟ್ಟಿಗೆ ಈಗ ಸರಿಯಾದ ಕಾರಣ ಸಿಕ್ಕಿತು.

"ಹಾಗಾದ್ರೆ ಏನ್ಮಾಡೋಣ?" ಎಂದೆ.

"ಏನೂ ಬೇಡ. ಮುಂದಿನ ವರ್ಷ ನೋಡೋಣ" ಎಂದು ಅತ್ತೆ ಕಾಫಿ ಸೋಸಿದರು. ಅಳಿಯಂದಿರ ಲೋಟಕ್ಕೆ ತುಂಬಿ ಕೈಗೆತ್ತಿಕೊಂಡರು.

ನಾವು ಹಾಲ್‌ಗೆ ಬಂದಾಗ ರಿಪೇರಿಯವನು ಸೋಲೊಪ್ಪಿಕೊಂಡಿದ್ದ. ಅವನು ಸೋತರೆ ಅದು ಯಂತ್ರದ ತಪ್ಪು, ಆ ವಿಷಯದಲ್ಲಿ ಅವನೂ ನಮ್ಮ ಮನೆಯವನೇ. "ಒಳಗಡೆ ಬೋರ್ಡೇ ಹೋಗಿರ್ಬೇಕು. ಅಂಗಡಿಗೆ ತಗೊಂಡು ಹೋಗ್ತೀನಿ. ಮುಂದಿನ ವಾರ ಫೋನ್ ಮಾಡಿ" ಎಂದು ವೈರುಗಳನ್ನೆಲ್ಲ ಕಿತ್ತು ಸುತ್ತಿಟ್ಟಿದ್ದ.

"ನಾನು ಮೊದಲೇ ಹೇಳಿದ್ನಲ್ಲ ಅತ್ತೆ" ಎಂದರು ಅಳಿಯಂದಿರು. ಅವರು ಹೇಳಿದ್ದು ಇಂಕು, ಕೇಬಲ್ಲು, ತೂತು ಮತ್ತು ಕರೆಂಟು. "ಈ ಹಳೇ ಡಬ್ಬಾ ಬಿಸಾಡಿ. ಅಷ್ಟಕ್ಕೂ ಆ ಚೌಕ ಚೌಕದ ಕಾಗದ ಯಾರು ತಗೋತಾರೆ? ಸ್ವೆಟರ್ ಬೇಕಾದವರು ಅಂಗಡೀಲಿ ರೆಡಿಮೇಡ್ ತಗೋತಾರೆ. ಟೈಮ್ ಪಾಸ್‌ಗೆ ಮನೇಲೇ ಹೆಣೆದುಕೊಂಡಿರಿ, ಆರಾಮಾಗಿ."

ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ. ಅದೇ ಇನ್ನೂ ಕೆಟ್ಟದ್ದು. ಕಾಫಿಗೆ ಕೈ ಚಾಚಿಕೊಂಡೇ ಹೇಳಿದರು.

ರಿಪೇರಿಯವನು ಪ್ರಿಂಟರಿನ ಎರಡೂ ಬದಿ ಹಿಡಿದು, ಉಸಿರು ಬಿಗಿಹಿಡಿದು ಎತ್ತಿದ. ಬಾಗಿಲಿನ ಕಡೆ ತಿರುಗಿದ. ಅತ್ತೆ ಲೋಟವನ್ನು ಅಳಿಯಂದಿರ ಚಾಚಿದ ಕೈಗೆ ಕೊಡಲಿಲ್ಲ. ಪಕ್ಕದ ಸ್ಟೂಲಿನ ಮೇಲೆ ಇಟ್ಟರು.

"ಕೆಳಗೆ ಇಡಪ್ಪ ಅದನ್ನ" ಎಂದರು.

"ಅಮ್ಮಾ?"

"ಇಡು ಅಂದೆ." ಆಮೇಲೆ ಕುರ್ಚಿಯ ಕಡೆ ತಿರುಗಿದರು. ಮಗಳ ಮದುವೆಯಾದಾಗಿನಿಂದ ಅತ್ತೆ ಅವರ ಮುಖವನ್ನು ನೇರವಾಗಿ ನೋಡಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

"ನೀವು ಎದ್ದೇಳಿ."

ಅಳಿಯಂದಿರಿಗೆ ಅರ್ಥವಾಗಲಿಲ್ಲ. "ಏನತ್ತೆ?"

"ಕುರ್ಚಿ ಬಿಟ್ಟು ಎದ್ದೇಳಿ ಅಂದೆ. ಅವನು ಕೂತ್ಕೊಂಡು ನೋಡ್ಬೇಕು."

ದನಿ ಏರಿರಲಿಲ್ಲ. ಮರ್ಯಾದೆಯೂ ಕಡಿಮೆಯಾಗಿರಲಿಲ್ಲ. ಮಾತು ಮಾತ್ರ ಬೇರೆಯಾಗಿತ್ತು. ಅಳಿಯಂದಿರು ನನ್ನನ್ನು ನೋಡಿದರು. ನಾನು ಫ್ಯಾನ್ ನೋಡಿದೆ. ರಿಪೇರಿಯವನನ್ನು ನೋಡಿದರು. ಅವನು ಪ್ರಿಂಟರನ್ನು ಎದೆಗವಚಿಕೊಂಡು ಇಡಲೋ ಬೇಡವೋ ಎಂದು ನಿಂತಿದ್ದ. ಬೇರೆ ನೋಡಲು ಯಾರೂ ಇರಲಿಲ್ಲ. ಅವರು ಎದ್ದರು.

"ಇವರು ನಿನ್ನೆ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದ್ರು" ಎಂದು ಅತ್ತೆ ರಿಪೇರಿಯವನಿಗೆ ಹೇಳಿದರು. "ಅದುವರೆಗೂ ಚೆನ್ನಾಗಿತ್ತು. ಆಮೇಲೆ ನಿಂತುಹೋಯ್ತು."

ರಿಪೇರಿಯವನು ಪ್ರಿಂಟರನ್ನು ದಡ್ಡನೆ ಇಟ್ಟ. "ಏನಮ್ಮಾ ನೀವು! ಹೊಟ್ಟೆನೋವು ಅಂತ ಡಾಕ್ಟರ್ ಹತ್ರ ಹೋಗಿ, ಏನು ತಿಂದ್ರಿ ಅಂದ್ರೆ ಏನೂ ತಿಂದಿಲ್ಲ ಅಂದ ಹಾಗಾಯ್ತು. ನಾನು ಬಂದ ತಕ್ಷಣ ಕೇಳಲಿಲ್ವಾ? ಬೋರ್ಡು ಬಿಚ್ಚೋಕೆ ಹೊರಟಿದ್ನಲ್ಲ!"

"ತಪ್ಪಾಯ್ತಪ್ಪ. ಈಗ ಹೇಳಿದ್ನಲ್ಲ, ನೋಡು."

ಅವನು ಕುರ್ಚಿಯಲ್ಲಿ ಕೂತು, ಪರದೆಯ ಮೇಲಿನ ದಾಯಾದಿಯ ಹೆಸರನ್ನು ನೋಡಿ ದೊಡ್ಡದಾಗಿ ನಕ್ಕ. "ಯಾರ್ರೀ ಇದನ್ನ ಹಾಕಿದ್ದು? ಇದು ಬೇರೆ ಮಾಡೆಲ್!" ಉತ್ತರ ಕೊಡಬೇಕಾದವರು ಆಗಲೇ ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದರು. "ನನಗೆ ಆಫೀಸಲ್ಲಿ ಕೆಲಸ ಇದೆ" ಎಂದರು, ಯಾರಿಗೂ ಅಲ್ಲ ಎಂಬಂತೆ. ಅತ್ತೆ "ಹೂಂ, ಹೋಗಿ ಬನ್ನಿ" ಎಂದರು. ಕಾಫಿ ಕುಡಿದು ಹೋಗಿ ಎನ್ನಲಿಲ್ಲ. ಸ್ಟೂಲಿನ ಮೇಲಿನ ಕಾಫಿಯನ್ನು ರಿಪೇರಿಯವನು ತನಗೇ ಇಟ್ಟದ್ದು ಎಂದುಕೊಂಡು ಕುಡಿದ.

ತಪ್ಪು ಹೆಸರನ್ನು ಅಳಿಸಿದ. ಕಂಪನಿಯ ಜಾಲತಾಣದಲ್ಲಿ ಹುಡುಕಿ ಸರಿಯಾದ ತಂತ್ರಾಂಶ ಇಳಿಸಿಕೊಂಡ. ವೈರುಗಳನ್ನು ಮತ್ತೆ ಜೋಡಿಸಿದ. ಅಷ್ಟೆ. ಬೆಳಗಿನಿಂದ ಇಡೀ ಮನೆ ನುಂಗಿಕೊಂಡು ಕೂತಿದ್ದ ಮಾತು ಹೊರಬಿದ್ದ ಮೇಲೆ ಉಳಿದಿದ್ದ ಕೆಲಸ ಅಷ್ಟೇ. ಪ್ರಿಂಟರ್ ಒಮ್ಮೆ ಗಂಟಲು ಸರಿಮಾಡಿಕೊಂಡು ಹಾಳೆ ಎಳೆದುಕೊಂಡಿತು. ಕೊಕ್ಕರೆಗಳು ಕತ್ತಿನ ಸಮೇತ ಹೊರಗೆ ಬಂದವು. ಕೆಳಗೆ ಅತ್ತೆಯ ಹೆಸರು, ದಪ್ಪಗೆ.

ನಾನು ಕುಣಿಯುವುದೊಂದು ಬಾಕಿ. ಅತ್ತೆ ಮಾತ್ರ ಹಾಳೆಗಳನ್ನು ಜೋಡಿಸುತ್ತ ಪದೇಪದೇ ಫೋನಿನ ಕಡೆ ನೋಡುತ್ತಿದ್ದರು. ನಾನೂ ನೋಡಿದೆ. ಇಬ್ಬರಿಗೂ ಗೊತ್ತಿತ್ತು, ಬರುತ್ತದೆ ಎಂದು. ರಿಪೇರಿಯವನು ಹೋದ. ನನ್ನ ಗಂಡ ಇಂಕ್ ಹಿಡಿದುಕೊಂಡು ಗೆದ್ದವರ ಹಾಗೆ ಒಳಗೆ ಬಂದು, "ಭಾವ ಎಲ್ಲಿ?" ಎಂದರು. "ನೀವು ಹಾಳೆ ಕಟ್ಟಿ, ಸಭಾಂಗಣಕ್ಕೆ ಹೊರಡ್ಬೇಕು" ಎಂದೆ. ಏನೋ ಒಯ್ಯುವ ಕೆಲಸವಲ್ಲವೇ, ಮರುಮಾತಿಲ್ಲದೆ ದಾರ ಹುಡುಕಿದರು.

ಆಗ ಫೋನ್ ಬಂತು. ನಾದಿನಿಯದು. ಅತ್ತೆಯ ಎರಡೂ ಕೈಯಲ್ಲಿ ಹಾಳೆಗಳು. ಫೋನ್ ಕಿವಿಗೆ ಹಿಡಿಯಲೇ ಎಂದು ಸನ್ನೆ ಮಾಡಿದೆ. ಬೇಡ, ಸ್ಪೀಕರ್‌ಗೆ ಹಾಕು ಎಂದರು. ಮುಖ ಬಿಳಿಚಿತ್ತು.

"ಅಮ್ಮಾ, ಏನಾಯ್ತು ಅಲ್ಲಿ?" ನಾದಿನಿಯ ದನಿ ತಗ್ಗಿತ್ತು, ಪಕ್ಕದಲ್ಲಿ ಯಾರೋ ಮಲಗಿರುವ ಹಾಗೆ. "ಅವರು ಫೋನ್ ಮಾಡಿದ್ರು. ನಿಮ್ಮಮ್ಮ ಹೊರಗಿನವನ ಮುಂದೆ ನನ್ನನ್ನ ಕುರ್ಚಿಯಿಂದ ಎಬ್ಬಿಸಿದ್ರು ಅಂತ. ತುಂಬಾ ಸಿಟ್ಟಲ್ಲಿದ್ದಾರೆ. ನೀನು... ನೀನು ನಿಜವಾಗ್ಲೂ ಹಾಗಂದ್ಯಾ?"

ಅತ್ತೆ ಹಾಳೆಗಳನ್ನು ಮೇಜಿನ ಮೇಲಿಟ್ಟರು. "ಹೂಂ ಕಣೆ. ಎದ್ದೇಳಿ ಅಂದೆ" ಎಂದರು. "ನಿನಗೆ ತೊಂದರೆ ಆಗುತ್ತೆ ಅಂತ ಗೊತ್ತಿದ್ದೂ ಅಂದೆ."

ನನ್ನ ಗಂಡ ದಾರ ಹಿಡಿದುಕೊಂಡು ಹಾಗೇ ನಿಂತರು. ಕಟ್ಟಾಯಿತೇನೋ ಎಂದು ನಾನು ಫೋನ್ ನೋಡಿದೆ. ಕಟ್ಟಾಗಿರಲಿಲ್ಲ.

"ಅಮ್ಮಾ" ಎಂದಳು ನಾದಿನಿ, ತಗ್ಗಿದ ದನಿಯಲ್ಲೇ, ಆದರೆ ಏನೋ ಹೊಸದನ್ನು ಕೇಳಿದವಳ ಹಾಗೆ. "ಎದ್ರಾ?"

"ಎದ್ರು."

"ಬರೀ ಎದ್ದೇಳಿ ಅಂದಿದ್ದಕ್ಕೇ?"